ಫ್ಲಾಪಿಗೆ ಕೈ ಹಚ್ಚುವ ಮೊದಲು: ಮುಂಬಯಿ ಕನ್ನಡ ಸಂಘಗಳಿಗೆ ಬಹಿರಂಗ ಪತ್ರ

ಮಾಟುಂಗದಿಂದ ಡೊಂಬಿವಲಿಯವರೆಗೆ ಕನ್ನಡ ಸಂಘಗಳನ್ನು ನಡೆಸಿಕೊಂಡು ಬರುತ್ತಿರುವ ಪದಾಧಿಕಾರಿ ಮಿತ್ರರೇ,

ನಿಮ್ಮ ಕಚೇರಿಯ ಕಬ್ಬಿಣದ ಕಪಾಟಿನಲ್ಲಿ, ಹಳೆಯ ರಸೀದಿ ಪುಸ್ತಕಗಳ ಹಿಂದೆ, ಫ್ಲಾಪಿಗಳ ಡಬ್ಬಿಯೊಂದು ಇದ್ದೀತು. ತೊಂಬತ್ತರ ದಶಕದ ಸ್ಮರಣ ಸಂಚಿಕೆ, ಸದಸ್ಯರ ಪಟ್ಟಿ, ಯಾರೋ ಬರೆದು ಆಡಿಸಿದ ನಾಟಕ ಅದರಲ್ಲಿರಬಹುದು. ಅಮೃತ ಮಹೋತ್ಸವ ಹತ್ತಿರ ಬಂದಾಗ ಡಬ್ಬಿ ಹೊರಗೆ ಬರುತ್ತದೆ. ಕಂಪ್ಯೂಟರ್ ಬಲ್ಲ ಹುಡುಗನೊಬ್ಬ ಉತ್ಸಾಹದಿಂದ ಡಿಸ್ಕ್ ದುರಸ್ತಿಯ ಹಳೆಯ ತಂತ್ರಾಂಶವೊಂದನ್ನು, ನಾರ್ಟನ್ ಡಿಸ್ಕ್ ಡಾಕ್ಟರನ್ನೋ ಚೆಕ್‌ಡಿಸ್ಕನ್ನೋ, ಹುಡುಕಿ ತರುತ್ತಾನೆ. ಆ ಗಳಿಗೆಯಲ್ಲಿ ಅವನನ್ನು ತಡೆಯಿರಿ ಎಂದು ಕೇಳಿಕೊಳ್ಳಲು ಈ ಪತ್ರ.

ನಮ್ಮ ಸಂಘದಲ್ಲಿ ತಡೆಯುವವರು ಇರಲಿಲ್ಲ. ಹಳೆಯ ಯಂತ್ರವೊಂದರಲ್ಲಿ ಮೂಲ ಫ್ಲಾಪಿಯ ಮೇಲೆಯೇ ಚೆಕ್‌ಡಿಸ್ಕ್ ಓಡಿಸಿದೆವು. ಸರಿಪಡಿಸಲೇ ಎಂದು ಅದು ಕೇಳಿತು, ಹೂಂ ಎಂದೆವು. ಕೊನೆಗೆ ಸಿಕ್ಕಿದ್ದು ಫೈಲ್0000, ಫೈಲ್0001 ಎಂಬ ತುಂಡುಗಳು. ಯಾವುದು ಯಾರ ಲೇಖನದ ಯಾವ ಪುಟವೋ ತಿಳಿಯಲಿಲ್ಲ. ಬೇರೆ ದಾರಿಯಿಂದ ಪ್ರಯತ್ನಿಸೋಣವೆಂದರೆ, ಹಳೆಯ ಕೊಂಡಿಗಳಿದ್ದ ಜಾಗದಲ್ಲೇ ಹೊಸದನ್ನು ಬರೆದಾಗಿತ್ತು.

ಇದು ಆ ತಂತ್ರಾಂಶದ ತಪ್ಪಲ್ಲ. ಫ್ಲಾಪಿಯ ಆರಂಭದಲ್ಲಿ ಒಂದು ಖಾತೆಪುಸ್ತಕವಿರುತ್ತದೆ: ಯಾವ ಕಡತ ಎಲ್ಲಿ ಶುರುವಾಗಿ ಎಲ್ಲಿಗೆ ಮುಂದುವರಿಯುತ್ತದೆ ಎಂಬ ಲೆಕ್ಕ. ಚೆಕ್‌ಡಿಸ್ಕ್ ಕಾಯುವುದು ಆ ಲೆಕ್ಕವನ್ನು. ಜಮಾಖರ್ಚು ತಾಳೆಯಾದರೆ ಅದರ ಕೆಲಸ ಮುಗಿಯಿತು. ನಿಮ್ಮ ನಾಟಕದ ಎರಡನೇ ಅಂಕ ಅದಕ್ಕೆ ಗೊತ್ತಿಲ್ಲ.

64 ಬಿಟ್‌ನ ಇಂದಿನ ವಿಂಡೋಸ್ ಆ ಕಾಲದ 16 ಬಿಟ್ ತಂತ್ರಾಂಶಗಳನ್ನು ಓಡಿಸುವುದೇ ಇಲ್ಲ. ಹಲವರಿಗೆ ಇದು ದೊಡ್ಡ ಅಡ್ಡಿಯಾಗಿ ಕಾಣುತ್ತದೆ. ನನಗೆ ಇದರಿಂದ ಒಳಿತೇ ಆಯಿತೆನಿಸುತ್ತದೆ, ಏಕೆಂದರೆ ಈಗ ಎಮ್ಯುಲೇಟರ್‌ನ ದಾರಿ ಹಿಡಿಯಲೇಬೇಕು. ಹೊಸ ಕಂಪ್ಯೂಟರಿನೊಳಗೆ ಹಳೆಯ ಕಂಪ್ಯೂಟರೊಂದನ್ನು ನಟಿಸುವ ಡಾಸ್‌ಬಾಕ್ಸ್ 2002ರಿಂದ, ಕ್ಯೂಇಎಂಯು 2003ರಿಂದ ಉಚಿತವಾಗಿ ಸಿಗುತ್ತಿವೆ.

ಆದರೆ ಇಲ್ಲೂ ಎಡವುವವರಿದ್ದಾರೆ. ಹಾರ್ಡ್‌ಡಿಸ್ಕಿನ ಫೋಲ್ಡರೊಂದನ್ನು ಡಾಸ್‌ಬಾಕ್ಸಿಗೆ ತೋರಿಸಿ ಪರೀಕ್ಷೆ ನಡೆಸಿದರೆ ಫಲಿತಾಂಶಕ್ಕೆ ಅರ್ಥವಿಲ್ಲ. ಅಲ್ಲಿ ಡಿಸ್ಕ್ ಇದೆ ಎಂಬುದೇ ನಟನೆ. ಮೊದಲು ಇಡೀ ಫ್ಲಾಪಿಯ ತದ್ರೂಪು ಪ್ರತಿ ತೆಗೆಯಬೇಕು. 1.44 ಎಂಬಿ ಫ್ಲಾಪಿಯಲ್ಲಿ 512 ಬೈಟ್‌ಗಳ 2,880 ವಿಭಾಗಗಳಿವೆ, ಒಟ್ಟು 14,74,560 ಬೈಟ್. ಪ್ರತಿ ತೆಗೆಯುವ ತಂತ್ರಾಂಶವಾದ ಜಿಎನ್‌ಯು ಡಿಡಿರೆಸ್ಕ್ಯೂ ಓದಬಲ್ಲ ವಿಭಾಗಗಳನ್ನು ಮೊದಲು ಓದುತ್ತದೆ, ಓದಲಾಗದವನ್ನು ಗುರುತು ಹಾಕಿಕೊಂಡು ಮತ್ತೆ ಯತ್ನಿಸುತ್ತದೆ. ಆ ಪ್ರತಿಗೆ ಇನ್ನೊಂದು ಪ್ರತಿ ಮಾಡಿ ಅದನ್ನು ಎಮ್ಯುಲೇಟರಿನ 'ಎ' ಡ್ರೈವಿಗೆ ಕೊಡಿ. ಈಗ ಬೇಕಾದರೆ 1993ರ ಎಂಎಸ್-ಡಾಸ್ 6.2ರ ದುರಸ್ತಿ ತಂತ್ರಾಂಶ ಸ್ಕ್ಯಾನ್‌ಡಿಸ್ಕ್ ಓಡಿಸಿ. ಕೆಟ್ಟರೆ ಅಳಿಸಿ, ಮತ್ತೊಂದು ಪ್ರತಿ ಹಾಕಿ.

ಇನ್ನೊಂದು ಲಾಭವಿದೆ. ಆ ಕಾಲದ ಫ್ಲಾಪಿಗಳಲ್ಲಿ ಜೋಶಿ ವೈರಸ್ ಕುಳಿತಿರಬಹುದು. 1990ರಲ್ಲಿ ಭಾರತದಲ್ಲೇ ಮೊದಲು ಕಂಡದ್ದು ಅದು. ಜನವರಿ 5ರಂದು ಯಂತ್ರವನ್ನು ತಡೆದು, ಜೋಶಿಗೆ ಹುಟ್ಟುಹಬ್ಬದ ಶುಭಾಶಯ ಟೈಪ್ ಮಾಡೆಂದು ಕೇಳುತ್ತಿತ್ತು. ಎಮ್ಯುಲೇಟರಿನಲ್ಲಿ ಎದ್ದರೂ ಅದು ಅದರೊಳಗೇ ಉಳಿಯುತ್ತದೆ.

ಎಮ್ಯುಲೇಟರಿನಲ್ಲೂ ಒಂದು ಎಚ್ಚರಿಕೆ: ವಿಂಡೋಸ್ 95ರ ನಂತರದ ಡಿಸ್ಕಿಗೆ ಅದಕ್ಕೂ ಹಳೆಯ ನಾರ್ಟನ್ ಹಾಕಬೇಡಿ. ಕಡತಗಳ ಉದ್ದ ಹೆಸರುಗಳನ್ನು ಅದು ದೋಷವೆಂದು ತಿಳಿದು ಕಿತ್ತುಹಾಕೀತು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ನಮ್ಮ ಊರಿನ ತೇವ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿತ್ತು, ನೆಲಮಹಡಿಯ ಎಷ್ಟೋ ಮನೆ, ಕಚೇರಿಗಳು ಮುಳುಗಿದವು. ನೀರು ನುಗ್ಗದ ಕಡೆಯೂ ಪ್ರತಿ ಮಳೆಗಾಲ ಫ್ಲಾಪಿಗೆ ಬೂಷ್ಟು ಹಿಡಿಸುತ್ತದೆ. ಬಿಳಿ ಚುಕ್ಕೆ ಕಂಡ ಫ್ಲಾಪಿಯನ್ನು ಡ್ರೈವಿಗೆ ತುರುಕಿದರೆ ಓದುವ ತಲೆಯೇ ಅದನ್ನು ಕೆರೆದುಹಾಕುತ್ತದೆ. ಅಂಥದ್ದನ್ನು ಬೇರೆ ಇಟ್ಟು, ಶುಚಿ ಮಾಡಬಲ್ಲವರಿಗೇ ಕೊಡಿ.

ಯುಎಸ್‌ಬಿ ಫ್ಲಾಪಿ ಡ್ರೈವನ್ನು ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ. ಅದು ಮೂರೂವರೆ ಇಂಚಿನದನ್ನು ಮಾತ್ರ ಓದುತ್ತದೆ. ಮುಂದಿನ ಮಳೆಗಾಲ ಬರುವ ಮೊದಲೇ ಡಬ್ಬಿ ತೆರೆಯಿರಿ. ಡ್ರೈವಿಗೆ ಹಾಕುವ ಮುನ್ನ ಪ್ರತಿ ಫ್ಲಾಪಿಯ ಮೂಲೆಯ ಪುಟ್ಟ ಗುಂಡಿಯನ್ನು ಸರಿಸಿ ಕಿಂಡಿ ತೆರೆದಿಡಿ. ಕಿಂಡಿ ತೆರೆದಿದ್ದರೆ ಅದರ ಮೇಲೆ ಏನನ್ನೂ ಬರೆಯಲಾಗದು.

ನಿಮ್ಮವನೇ ಆದ ಒಬ್ಬ ಸದಸ್ಯ