ನ್ಯೂಟ್ರಲ್ ಮಾವ

ಮಲೆನಾಡಿನಲ್ಲಿ ಇಳಿಜಾರು ಕಂಡ ಕೂಡಲೇ ಗೇರಿನ ಮೇಲೆ ಕೈ ಹೋಗುವ ಒಂದು ತಲೆಮಾರಿದೆ. ಘಾಟಿ ಇಳಿಯುವಾಗ ಪೆಟ್ರೋಲ್ ಸುಡುವುದೆಂದರೆ ಅವರಿಗೆ ನಡುಹಗಲು ದೀಪ ಉರಿಸಿದಷ್ಟು ಸಂಕಟ. ನನ್ನ ಸೋದರಮಾವ ಈ ಪಂಥದ ಪೀಠಾಧಿಪತಿ. ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟರೆ ಆಗುಂಬೆ ಘಾಟಿ ಶುರುವಾಗುತ್ತಿದ್ದಂತೆ ಅವರ ಪದ್ಮಿನಿ ಕಾರು ನ್ಯೂಟ್ರಲ್ಲಿಗೆ ಬರುತ್ತಿತ್ತು. ಅತ್ತೆ ತಿರುವಿಗೊಂದು ಹರಕೆ ಹೊರುತ್ತಿದ್ದರು. 14 ತಿರುವು ಮುಗಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ, ಉಳಿದ ಪೆಟ್ರೋಲಿನ ಬೆಲೆಗಿಂತ ದೇವರ ಸಾಲವೇ ಜಾಸ್ತಿಯಾಗಿರುತ್ತಿತ್ತು.

ಈಗ ಮಗ ಆಟೊಮ್ಯಾಟಿಕ್ ಕಾರು ಕೊಡಿಸಿದ್ದಾನೆ. ಅದರಲ್ಲೂ 'ಎನ್' ಇದೆ. ಆದರೆ ಮಾವನಿಗೆ ಅಷ್ಟು ಸಾಲದು. ಎಕ್ಸಿಲೇಟರಿನಿಂದ ಕಾಲು ತೆಗೆದರೆ ಗಾಡಿ ತಾನಾಗಿ ನ್ಯೂಟ್ರಲ್ಲಿಗೆ ಬೀಳಬೇಕು. "ಆಟೊಮ್ಯಾಟಿಕ್ ಅಂತ ಹೆಸರಿಟ್ಟುಕೊಂಡ ಮೇಲೆ ಇಷ್ಟೂ ಮಾಡದಿದ್ದರೆ ಹೇಗೆ?" ಎಂದು ಗ್ಯಾರೇಜಿಗೇ ಹೋದರು.

ಮೆಕ್ಯಾನಿಕ್ ತಾಳ್ಮೆಯವನು. "ಭಟ್ರೇ, ಗೇರಲ್ಲಿದ್ದು ಕಾಲು ತೆಗೆದ್ರೆ ಇಳಿಜಾರಲ್ಲಿ ಇಂಜೆಕ್ಟರ್ ಪೆಟ್ರೋಲೇ ಬಿಡಲ್ಲ. ಚಕ್ರಾನೇ ಇಂಜಿನ್ ತಿರುಗಿಸ್ತದೆ. ನ್ಯೂಟ್ರಲ್ ಮಾಡಿದ್ರೆ ಇಂಜಿನ್ ಆರಬಾರ್ದು ಅಂತ ಪೆಟ್ರೋಲ್ ಕುಡೀತದೆ."

ಅಂದರೆ ಉಳಿತಾಯವೇ ಖರ್ಚು! ಕಾರ್ಬುರೇಟರಿನ ಪದ್ಮಿನಿಯಲ್ಲಿ ನಾಲ್ಕು ಹನಿ ಉಳಿದಿತ್ತೇನೋ. ಆ ಕಾಲ ಹೋಯಿತು. ಮಾವ ಸೋಲಲಿಲ್ಲ. "ಇಂಜಿನ್ನೇ ಆಫ್ ಮಾಡಿದರೆ?" ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟ. ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಎಣ್ಣೆ ಒತ್ತುವ ಪಂಪನ್ನು ತಿರುಗಿಸುವುದೇ ಇಂಜಿನ್. ಅದು ನಿಂತು ಗಾಡಿ ಓಡಿದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಉಜ್ಜಿಕೊಳ್ಳುತ್ತವೆ. ಬ್ರೇಕೂ ಎರಡು ಮೂರು ಸಲ ಒತ್ತಿದ ಮೇಲೆ ಕಲ್ಲಾಗುತ್ತದೆ. "ಗೇರ್‌ಬಾಕ್ಸ್ ಬಿಚ್ಚಿ ಜೋಡಿಸೋ ದುಡ್ಡಲ್ಲಿ ನೀವು ಉಡುಪಿಗಲ್ಲ, ಕಾಶಿಗೇ ಹೋಗಿ ಬರಬಹುದು."

ಮಾವನ ಮುಖ ನೋಡಲಾಗದೆ ನಾನು ಸ್ವೀಡನ್ನಿನ ಸಾಬ್ 96 ಕಾರಿನ ಕಥೆ ತೆಗೆದೆ. ಕಾಲು ತೆಗೆದೊಡನೆ ಚಕ್ರಕ್ಕೂ ಇಂಜಿನ್ನಿಗೂ ಸಂಬಂಧ ತಪ್ಪುವ ಫ್ರೀವೀಲ್ ಅದರಲ್ಲಿತ್ತು. ಕಾರಣ ಮೈಲೇಜಲ್ಲ. ಅದರ ಮೊದಮೊದಲ ಟೂ ಸ್ಟ್ರೋಕ್ ಇಂಜಿನ್ನಿಗೆ ಎಣ್ಣೆ ಸಿಗುತ್ತಿದ್ದದ್ದೇ ಪೆಟ್ರೋಲಿನ ಜೊತೆಗೆ. ಇಳಿಜಾರಿನಲ್ಲಿ ಕಾಲು ತೆಗೆದು ಗೇರಿನಲ್ಲೇ ಬಿಟ್ಟರೆ ಪೆಟ್ರೋಲೂ ಎಣ್ಣೆಯೂ ಸಾಕಷ್ಟು ಸಿಗದೆ ಅದು ಗಿರಗಿರ ತಿರುಗಬೇಕಿತ್ತು. ಮಾವ ಮೊದಲರ್ಧ ಮಾತ್ರ ಕೇಳಿಸಿಕೊಂಡರು. "ನೋಡು, ಸ್ವೀಡನ್ನಿನವರಿಗೆ ಯಾವತ್ತೋ ಹೊಳೆದಿತ್ತು!"

ಪೋರ್ಷೆಯ ಪಿಡಿಕೆ ಗೇರ್‌ಬಾಕ್ಸ್ ಸರಿಯಾದ ಜಾಗ ನೋಡಿ ತಾನೇ ಇಂಜಿನ್ ಬಿಡಿಸಿಕೊಂಡು ತೇಲುತ್ತದೆಂದು ನನಗೆ ಗೊತ್ತು. ಅದನ್ನು ಮಾವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ನೀವು ಘಾಟಿ ಇಳಿಯುವಾಗ 'ಎಲ್'ಗೋ ಕೆಳಗಿನ ಗೇರಿಗೋ ಹಾಕಿ, ನಿಧಾನವಾಗಿ ಇಳಿಯಿರಿ. ಆಗುಂಬೆಯಲ್ಲಿ ಹಿಂದಿನಿಂದ ಬಿಳಿ ಕಾರೊಂದು ಸದ್ದಿಲ್ಲದೆ ಬಂದರೆ ಮಾತ್ರ ದಯವಿಟ್ಟು ಬದಿಗೆ ಸರಿಯಿರಿ. ಮೆಕ್ಯಾನಿಕ್ ಹೇಳಿದ್ದರ ಮೇಲೆ ಮಾವನಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.