ರಾಯರ ಪ್ರಾಜೆಕ್ಟುಗಳು

ವಡೋದರಾ ಬಳಿಯ ಕೊಯಲಿಯ ರಿಫೈನರಿಯಿಂದಲೋ, ಅಹಮದಾಬಾದಿನ ಬಾಹ್ಯಾಕಾಶ ಕೇಂದ್ರದಿಂದಲೋ, ಸೂರತ್ತಿನಾಚೆ ಹಜೀರಾದ ಕಾರ್ಖಾನೆಯಿಂದಲೋ ಅರವತ್ತು ತುಂಬಿ, ಶಾಲು ಹೊದೆಸಿಕೊಂಡು ಮನೆಗೆ ಬಂದ ಕನ್ನಡಿಗರೊಬ್ಬರು ಗುಜರಾತಿನ ಈ ಮೂರೂ ಊರುಗಳಲ್ಲಿ ನಿಮಗೆ ಸಿಕ್ಕೇ ಸಿಗುತ್ತಾರೆ. ಅವರ ಹೆಸರು ಪಾಟೀಲ, ಹೆಗಡೆ, ಕಾಮತ ಏನೇ ಇರಲಿ, ನಾವು ರಾಯರು ಎನ್ನೋಣ. ಸೊಸೈಟಿಯ ಜನ ಹೇಗೂ ‘ರಾವ್‌ಭಾಯ್’ ಎಂದೇ ಕರೆಯುತ್ತಾರೆ. ನಿವೃತ್ತಿಯಾದ ಮೊದಲ ವಾರ ರಾಯರು ಊರಿಗೆ ಹೋಗಿ ನೆಲೆಸುವ ಮಾತಾಡುತ್ತಾರೆ. ಎರಡನೆಯ ವಾರ ಒಂದು ಡ್ರಿಲ್ಲಿಂಗ್ ಮಷೀನ್ ಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಊರಿನ ಮಾತಿಲ್ಲ.

ಅವರನ್ನು ದೂರಿ ಫಲವಿಲ್ಲ. ಮೇ ತಿಂಗಳಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ. 2016ರ ಮೇ 20ರಂದು ಅಹಮದಾಬಾದಿನಲ್ಲಿ ಬಿಸಿಲು 48 ಡಿಗ್ರಿ ಮುಟ್ಟಿದ್ದನ್ನು ರಾಯರು ತಮ್ಮದೇ ಸಾಧನೆ ಎಂಬಂತೆ ಇಂದಿಗೂ ಬೆಂಗಳೂರಿನ ನೆಂಟರಿಗೆ ಫೋನಿನಲ್ಲಿ ಹೇಳುತ್ತಾರೆ. ಇನ್ನು ಸಂಜೆ. ಬೇರೆ ರಾಜ್ಯದ ನಿವೃತ್ತರಿಗೆ ಸಂಜೆ ಕಳೆಯಲು ಇರುವ ಒಂದು ದಾರಿ ಇಲ್ಲಿ 1960ರಲ್ಲಿ ರಾಜ್ಯ ಹುಟ್ಟಿದಾಗಿನಿಂದಲೇ ಬಂದ್. ಒಮ್ಮೆ ದ್ರಾಕ್ಷಿಯಿಂದ ವಿನಿಗರ್ ಮಾಡುತ್ತೇನೆಂದು ಭರಣಿ ತುಂಬಿಸಿ ಅಟ್ಟಕ್ಕೇರಿಸಿದ್ದರು. ವಾಸನೆ ಹಜಾರಕ್ಕೆ ಇಳಿದ ದಿನ ಮನೆಯಾಕೆ, “ರೀ, ಪೊಲೀಸರು ಬಂದರೆ ನಾನು ಈ ಮನೆಯವಳೇ ಅಲ್ಲ ಅಂತೀನಿ” ಎಂದರು. ಭರಣಿ ಬಚ್ಚಲಲ್ಲಿ ಬರಿದಾಯಿತು.

ವಡೋದರಾದ ರಾಯರು ಈ ಜಾತಿಯಲ್ಲೇ ಶ್ರೇಷ್ಠರು. 1965ರಿಂದ ಉರಿಯುತ್ತಿರುವ ರಿಫೈನರಿಯಲ್ಲಿ ಜೀವಮಾನವಿಡೀ ಸೇಫ್ಟಿ ನೋಡಿಕೊಂಡವರು. ಹಾಗಾಗಿ ಗೋಡೆಗೊಂದು ಮೊಳೆ ಹೊಡೆಯುವ ಮೊದಲು ಮನೆಯಲ್ಲೂ ವರ್ಕ್ ಪರ್ಮಿಟ್ ಆಗಬೇಕು. ಅದಕ್ಕೆ ರುಜು ಹಾಕುವ ಅಧಿಕಾರಿ ಮನೆಯಾಕೆ. ಬಲಗೈಯಲ್ಲಿ ದೋಸೆ ಮಗುಚುತ್ತ ಎಡಗೈಯಲ್ಲಿ ರುಜು ಹಾಕುವುದು ಅವರಿಗೀಗ ರೂಢಿಯಾಗಿದೆ. ತಿಂಗಳ ಕೊನೆಯ ಶನಿವಾರ ಮಿಕ್ಸಿಗೆ ಶಟ್‌ಡೌನ್. ಅಂದು ಚಟ್ನಿ ಇಲ್ಲ.

ಗುಜರಾತಿಗಳ ಮನೆಯಲ್ಲಿ ಹಿಂಚ್ಕೋ ಎಂಬ ಉಯ್ಯಾಲೆ ಇರಲೇಬೇಕಲ್ಲ. ಬೆಳಗಿನ ಚಹಾ, ಷೇರು ಪೇಟೆಯ ಮಾತು, ಹುಡುಗಿ ನೋಡುವ ಶಾಸ್ತ್ರ, ಊಟದ ಮೇಲಿನ ತೂಕಡಿಕೆ ಎಲ್ಲವೂ ಅದರ ಮೇಲೆಯೇ. ರಾಯರ ಮನೆಯಾಕೆಗೂ ಒಂದು ಬೇಕೆನಿಸಿತು. ವಡೋದರಾಕ್ಕೆ ಹತ್ತಿರದ ಸಂಖೇಡಾದಲ್ಲಿ ಅರಗಿನ ಬಣ್ಣ ಹಚ್ಚಿ ಹೊಳಪು ಕೊಟ್ಟ ತೇಗದ ಉಯ್ಯಾಲೆಗಳನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದವರಿದ್ದಾರೆ. ರಾಯರು ಹೋದರು, ಬಡಿದು ನೋಡಿದರು, ಬೆಲೆ ಕೇಳಿದರು, ಫೋಟೋ ತೆಗೆದುಕೊಂಡು ಬರಿಗೈಯಲ್ಲಿ ಬಂದರು. “ಇದರಲ್ಲೇನಿದೆ ಮಹಾ? ನಾನೇ ಮಾಡ್ತೀನಿ.”

ಗ್ರಾಫ್ ಕಾಗದದಲ್ಲಿ ನಕ್ಷೆ ಬೀಳಲು ಒಂದು ಮಳೆಗಾಲ ಹಿಡಿಯಿತು. ಪಕ್ಕದ ಮನೆಯವರು ದಿನಾ ಹಾಲಿಗೆ ಹೋಗುವಾಗ “ರಾವ್‌ಭಾಯ್, ಹಿಂಚ್ಕೋ ಥೈ ಗಯೋ?” ಎಂದು ಕೇಳುವರು. “ಆಗ್ತಿದೆ, ಡಿಸೈನ್ ಸ್ಟೇಜಿನಲ್ಲಿದೆ” ಎಂದು ಇವರು. ಕಡೆಗೊಂದು ದಿನ ಸೂರಿಗೆ ಬೋಲ್ಟ್ ಇಳಿಸಲು ಡ್ರಿಲ್ ಎತ್ತಿದರು, ಅದೂ ಮಧ್ಯಾಹ್ನ ಎರಡಕ್ಕೆ. ಒಂದರಿಂದ ನಾಲ್ಕರ ತನಕ ನಮ್ಮ ಸೊಸೈಟಿಯಲ್ಲಿ ಬೀದಿನಾಯಿಯೂ ಬೊಗಳುವುದಿಲ್ಲ. ಚೇರ್ಮನ್ನರು ಬನಿಯನ್ನಿನಲ್ಲೇ ಓಡಿ ಬಂದರು. ರಾಯರು ಅವರನ್ನು ಕೂರಿಸಿ, ಛಾಸ್ ಕುಡಿಸಿ, ಬೋಲ್ಟಿನ ಮೇಲೆ ಬೀಳುವ ಭಾರ, ಕಾಂಕ್ರೀಟಿನ ತಾಳಿಕೆ, ತೂಗುವಾಗ ಹೆಚ್ಚುವ ಎಳೆತ ಇವನ್ನೆಲ್ಲ ನಾಲ್ಕು ಗಂಟೆಯವರೆಗೆ ವಿವರಿಸಿದರು. ಅಂದಿನಿಂದ ಯಾರೂ ದೂರು ತಂದಿಲ್ಲ.

ಮುಂದಿನದು ಭಾರ ಪರೀಕ್ಷೆ. ಮೊದಲು ಅಕ್ಕಿ ಮೂಟೆ, ಆಮೇಲೆ ಎರಡು ಮೂಟೆ, ಆಮೇಲೆ ಎರಡು ಮೂಟೆ ಮತ್ತು ಹುಬ್ಬಳ್ಳಿಯಿಂದ ಬಂದಿದ್ದ ಬಾಮೈದ. ಉಯ್ಯಾಲೆ ಜಗ್ಗಲಿಲ್ಲ. ಕೆಲಸ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಒಂದೇ ತೊಡಕು: ಹಿಂದಕ್ಕೆ ಹೋದರೆ ಫ್ರಿಜ್ಜು, ಮುಂದಕ್ಕೆ ಬಂದರೆ ಟಿ.ವಿ. ರಾಯರು ಎದೆಗುಂದದೆ ಎರಡೂ ಕಡೆ ರಬ್ಬರಿನ ತಡೆ ಕೂರಿಸಿದರು. ಈಗ ಅದು ಒಂದು ಗೇಣು ತೂಗುತ್ತದೆ. ಮನೆಯಾಕೆ ಅದರ ಮೇಲೆ ಕೂತು ಸೊಪ್ಪು ಸೋಸುತ್ತಾರೆ.

ಅಹಮದಾಬಾದಿನ ರಾಯರ ರೀತಿಯೇ ಬೇರೆ. ಬಾಹ್ಯಾಕಾಶ ಕೇಂದ್ರದಿಂದಾಗಿ ‘ಸ್ಯಾಟಲೈಟ್’ ಎಂದೇ ಹೆಸರಾದ ಬಡಾವಣೆಯಲ್ಲಿ ಅವರ ಫ್ಲ್ಯಾಟು. ಉಡುಪಿ ಕಡೆಯ ಅದಮಾರಿನ ಯು.ಆರ್. ರಾಯರು ಇದೇ ಊರಿನ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ವಿಕ್ರಮ್ ಸಾರಾಭಾಯಿ ಅವರ ಕೈಕೆಳಗೆ ಸಂಶೋಧನೆ ಮಾಡಿ, 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹವನ್ನು ಕಟ್ಟಿಸಿದವರಲ್ಲವೆ? ಇವರು ಆ ಮಾತನ್ನು ಹೇಳುವ ಧಾಟಿ ಕೇಳಿದರೆ ಸ್ಕ್ರೂಡ್ರೈವರ್ ಕೊಟ್ಟವರು ಇವರೇ ಇರಬೇಕು ಎನ್ನಿಸುತ್ತದೆ. ಇವರ ತೀರ್ಥಕ್ಷೇತ್ರ ಎಲ್ಲಿಸ್ ಸೇತುವೆಯ ಬಳಿ ಸಾಬರಮತಿ ದಂಡೆಯಲ್ಲಿ ಕೂಡುವ ರವಿವಾರಿ, ಭಾನುವಾರದ ಗುಜರಿ ಸಂತೆ. ಹೋಗುವಾಗ ಬರಿಯ ಚೀಲ, ಬರುವಾಗ ಮೋಟಾರಿಲ್ಲದ ಫ್ಯಾನು, ಮುಳ್ಳಿಲ್ಲದ ಗಡಿಯಾರ. ಮನೆಯಾಕೆಗೂ ಇದಕ್ಕೊಂದು ಉಪಾಯವಿದೆ. ರಾಯರು ಪೆನ್ಶನ್ ಕೆಲಸಕ್ಕೆ ಬ್ಯಾಂಕಿಗೆ ಹೋದ ಹೊತ್ತಿನಲ್ಲಿ ಭಂಗಾರ್ ಎಂಬ ಗುಜರಿ ಸಾಮಾನು ಕೊಳ್ಳುವ ಕೈಗಾಡಿಯವನನ್ನು ಕರೆದು ಅಷ್ಟಿಷ್ಟು ಸಾಗಹಾಕುತ್ತಾರೆ. ಹೀಗೆ ಹೋದ ರೇಡಿಯೋ ಒಂದನ್ನು ರಾಯರು ರವಿವಾರಿಯಲ್ಲಿ ಚೌಕಾಸಿ ಮಾಡಿ ಕೊಂಡು ತಂದರು. ಮುಚ್ಚಳ ಬಿಚ್ಚಿ, “ನೋಡೇ, ಒಳಗಿನ ಬೆಸುಗೆ ಎಷ್ಟು ಅಚ್ಚುಕಟ್ಟು! ಯಾರೋ ತಿಳಿದವನೇ ಕೈ ಹಾಕಿದಾನೆ” ಎಂದು ಮೆಚ್ಚಿದರು. ಆಕೆ, “ಹೌದಾ?” ಎಂದಷ್ಟೇ ಹೇಳಿ ಒಳಗೆ ಹೋದರು.

ಅದೇ ಸಂತೆಯಿಂದ ಒಂದು ಪೆಟ್ಟಿಗೆ ಚರಕವೂ ಬಂದಿದೆ. ಗಾಂಧೀಜಿ ಇದೇ ಊರಿನಲ್ಲಿ ಆಶ್ರಮ ಕಟ್ಟಿಕೊಂಡು ನೂಲುವ ರಾಟೆಗಾಗಿ ಹಂಬಲಿಸುತ್ತಿದ್ದಾಗ ಗಂಗಾಬೆನ್ ಎಂಬವರು ಹುಡುಕಿ ಹುಡುಕಿ, ಅಂದಿನ ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ಅದನ್ನು ಪತ್ತೆಹಚ್ಚಿದರು. ಹಳ್ಳಿಮನೆಗಳಲ್ಲಿ ರಾಟೆಗಳು ಅಟ್ಟ ಸೇರಿದ್ದವಂತೆ. ರಾಯರಿಗೆ ಈ ಅಟ್ಟದ ಭಾಗವೇ ಹೆಚ್ಚು ಹಿಡಿಸಿದ್ದು: “ನೋಡು, ಅವತ್ತು ಯಾರಾದರೂ ಭಂಗಾರಿಗೆ ಹಾಕಿದ್ದಿದ್ದರೆ ಸ್ವಾತಂತ್ರ್ಯ ಬರ್ತಿತ್ತಾ?” 1929ರಲ್ಲಿ ಚರಕ ಸಂಘ ಒಳ್ಳೆಯ ಚರಕ ರೂಪಿಸಿದವರಿಗೆ ಒಂದು ಲಕ್ಷ ರೂಪಾಯಿ ಬಹುಮಾನ ಸಾರಿತ್ತು. ಅದು ಯಾರಿಗೂ ದಕ್ಕಲಿಲ್ಲ ಎಂದು ತಿಳಿದಾಗಿನಿಂದ ಇವರು ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ. ಇಷ್ಟು ದಿನಕ್ಕೆ ನೂತ ನೂಲು ಸೊಸೆಗೆ ಒಂದು ಗುಂಡಿ ಹೊಲಿಯಲು ಸಾಲುತ್ತದೆ.

ಸೂರತ್ತಿನ ರಾಯರು ಊಟದ ಕಡೆ ವಾಲಿದವರು. ಚಳಿಗಾಲದಲ್ಲಿ ತಾಪಿ ದಂಡೆಯಲ್ಲಿ ಎಳೆ ಜೋಳದ ಪೋಂಕ್ ಬಂದರೆ ವಿಜಯಪುರದ ಸೀತನಿ ನೆನೆದು ಕಣ್ಣೊರೆಸಿಕೊಂಡು ಕಿಲೋಗಟ್ಟಲೆ ತರುತ್ತಾರೆ. ಸೂರ್ತಿ ಪಾಪ್ಡಿ ನಮ್ಮ ಅವರೆಯ ಬಂಧುವೇ ತಾನೆ ಎಂದು ಅದರ ಕಾಳು ನೆನೆಸಿ, ಟಿ.ವಿ. ಮುಂದೆ ಕೂತು ಹಿತುಕಿದ ಬೇಳೆ ಮಾಡುವುದು ಇವರ ಪ್ರಾಜೆಕ್ಟು. ಅಪಾಯವಿಲ್ಲದ್ದು. ಕಾಳು ಹಾರಿ ಸೋಫಾದಡಿ ಸೇರುವುದಷ್ಟೇ.

ಮೂವರಿಗೂ ಸಾಮಾನ್ಯವಾದದ್ದು ಮಹಡಿಯ ಮೇಲಿನ ಸೋಲಾರ್. 2024ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಎಂದಾಗ ಗುಜರಾತಿಗಳಿಗಿಂತ ಮೊದಲು ಓಡಿದವರು ರಾಯರು. ಈಗ ನಸುಕಿನಲ್ಲೇ ಏಣಿ, ಬಕೆಟ್ಟು, ಉದ್ದ ಕೋಲಿನ ಬ್ರಷ್ಷು. ವಾಕಿಂಗಿನಲ್ಲಿ ಸಿಕ್ಕವರ ಬಿ.ಪಿ., ಶುಗರ್ ವಿಚಾರಿಸುವುದು ನಿಂತುಹೋಗಿ “ಇವತ್ತು ಎಷ್ಟು ಯೂನಿಟ್?” ಎಂಬುದೇ ಕುಶಲಪ್ರಶ್ನೆಯಾಗಿದೆ. ಮೋಡ ಬಂದ ದಿನ ಮುಖ ನೋಡುವ ಹಾಗಿಲ್ಲ.

ಬೇಸಿಗೆಯಲ್ಲಿ ಇದೇ ಮಹಡಿಗಾಗಿ ಜಗಳ. ಮನೆಯಾಕೆ ನೆರೆಯ ಬೆನ್ನರಿಂದ ಕಲಿತ ಛುಂದೋ ಎಂಬ ಸಿಹಿ ಉಪ್ಪಿನಕಾಯಿಗೆ ಹೆರೆದ ಮಾವಿನಕಾಯಿ, ಸಕ್ಕರೆ ಬೆರೆಸಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಡಬೇಕು. ಬಿಸಿಲನ್ನೆಲ್ಲ ರಾಯರ ಪ್ಯಾನೆಲ್ಲುಗಳು ಹಿಡಿದು ಕೂತಿವೆ. ಆದರೂ ನಕ್ಷೆ, ಪರ್ಮಿಟ್ಟು ಏನೂ ಇಲ್ಲದೆ ವರ್ಷಾ ವರ್ಷಾ ಐದು ಭರಣಿ ತಯಾರಾಗಿ ಬೆಂಗಳೂರಿನ ಮಗಳ ಮನೆಯವರೆಗೆ ತಲಪುತ್ತದೆ. ಇದನ್ನು ಯಾರೂ ಪ್ರಾಜೆಕ್ಟು ಎನ್ನುವುದಿಲ್ಲ.

ಸಂಕ್ರಾಂತಿಗೆ ಊರಿಗೆ ಊರೇ ಗಾಳಿಪಟ ಹಿಡಿದು ಮಹಡಿ ಹತ್ತುತ್ತದೆ. ರಾಯರು ಮಾತ್ರ ಡಿಸೆಂಬರಿನಿಂದಲೇ ವರ್ನಿಯರ್ ಹಿಡಿದು ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿರುತ್ತಾರೆ. ನಾಲ್ಕು ಮಿಲಿಮೀಟರ್ ಮೀರಿದ ಚೂರು ರಿಜೆಕ್ಟು. ರಿಜೆಕ್ಟಾದದ್ದೆಲ್ಲ ಮೊಮ್ಮಗನ ಬಾಯಿಗೆ. ಆ ಹುಡುಗನೊಬ್ಬನೇ ತಾತನ ಕೆಲಸವನ್ನು ಮನಸಾರೆ ಹೊಗಳುವವನು.

ನೀವು ಆ ಕಡೆ ಹೋದರೆ ರಾಯರ ಮನೆಗೆ ಖಂಡಿತ ಹೋಗಿ. ಕಾಫಿ ಚೆನ್ನಾಗಿರುತ್ತದೆ, ಮನುಷ್ಯರೂ ಚೆನ್ನ. ಆದರೆ ನಿಮ್ಮ ವಾಚು ಐದು ನಿಮಿಷ ಹಿಂದಿದೆ ಎಂದು ಮಾತ್ರ ಅಪ್ಪಿತಪ್ಪಿಯೂ ಬಾಯಿ ಬಿಡಬೇಡಿ.