ಪಾರ್ಟಿಷನ್ ಪಂಡಿತ

ಪಾರ್ಟಿಷನ್ ಪಂಡಿತನೆಂಬ ಜೀವಿ ಯಶವಂತಪುರದಲ್ಲಿ ಎಪಿಎಂಸಿ ಯಾರ್ಡಿನಿಂದ ಮತ್ತೀಕೆರೆವರೆಗೆ ಎರಡು ಮೂರು ಕ್ರಾಸಿಗೊಬ್ಬನಂತೆ ಕಾಣಸಿಗುತ್ತಾನೆ. ವಯಸ್ಸು ಐವತ್ತರ ಆಚೆ. ಪೀಣ್ಯದ್ದೋ ಜಾಲಹಳ್ಳಿಯದ್ದೋ ಒಂದು ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿ ಸವೆದವ. ಅಂಗಡಿಯಿಲ್ಲ, ಬೋರ್ಡಿಲ್ಲ. ವಿಂಡೋಸ್ 98ರ ಕಾಲದಲ್ಲಿ ಎಸ್.ಪಿ. ರಸ್ತೆಯಿಂದ ಬಿಡಿಭಾಗ ಹೊತ್ತು ತಂದು ಸ್ವಂತ ಕಂಪ್ಯೂಟರ್ ಜೋಡಿಸಿದ್ದೇ ಈತನ ಪದವಿ. ಷರ್ಟಿನ ಜೇಬಿನಲ್ಲಿ ಸ್ಕ್ರೂಡ್ರೈವರ್, ಬೀಗದ ಕೈ ಗೊಂಚಲಿನಲ್ಲಿ ಪೆನ್‌ಡ್ರೈವ್ ಇದ್ದರೆ ಗುರುತು ತಪ್ಪುವುದಿಲ್ಲ.

ಈತನಿಗೆ ಕರೆ ಬರುವುದು ಸಾಮಾನ್ಯವಾಗಿ ಭಾನುವಾರ, ಊಟದ ಹೊತ್ತಿಗೆ. 'ಅಂಕಲ್, ಡಿ ಡ್ರೈವೇ ಮಾಯ ಆಗಿದೆ' ಎನ್ನುವುದು ದೂರಿನ ಸ್ಥಾಯೀ ರೂಪ. ಕಾರಣಗಳಲ್ಲೂ ಹೆಚ್ಚು ವೈವಿಧ್ಯವಿಲ್ಲ. ಪಾರ್ಟಿಷನ್ ಹಿಗ್ಗಿಸುತ್ತಿರುವಾಗ ಕರೆಂಟು ಹೋಗಿರುತ್ತದೆ. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿರುತ್ತದೆ. ಇಲ್ಲವೇ ಇಂಜಿನಿಯರಿಂಗ್ ಓದುವ ಮಗ ಲಿನಕ್ಸ್ ಹಾಕಲು ಹೋಗಿ, ಇಡೀ ಡಿಸ್ಕನ್ನು ಬಳಸಲೇ ಎಂಬ ಪ್ರಶ್ನೆಗೆ ಉದಾರವಾಗಿ ಹೌದೆಂದಿರುತ್ತಾನೆ. ಮನೆಯವರ ಹೇಳಿಕೆ ಮಾತ್ರ ಎಲ್ಲೆಡೆ ಒಂದೇ: 'ನಾವು ಏನೂ ಮಾಡಿಲ್ಲ, ತಾನಾಗೇ ಹೋಯ್ತು.'

ಹೋಗಿರುವುದು ಬಹಳ ಸಣ್ಣ ವಸ್ತು. ಹಳೆಯ ಎಂಬಿಆರ್ ಪದ್ಧತಿಯ ಡಿಸ್ಕಿನಲ್ಲಿ ಮೊದಲ ಸೆಕ್ಟರ್ 512 ಬೈಟ್. ಅದರಲ್ಲಿ 446 ಬೈಟ್ ಕಂಪ್ಯೂಟರನ್ನು ಎಬ್ಬಿಸುವ ಕೋಡಿಗೆ, ಕೊನೆಯ 2 ಬೈಟ್ ಸಹಿಗೆ. ನಡುವಿನ 64 ಬೈಟೇ ಪಾರ್ಟಿಷನ್ ಟೇಬಲ್: ತಲಾ 16 ಬೈಟಿನ ನಾಲ್ಕು ನಮೂದು, ಯಾವ ಭಾಗ ಎಲ್ಲಿ ಶುರು, ಎಷ್ಟು ಉದ್ದ ಎಂಬ ಲೆಕ್ಕ. ಅದು ಅಳಿಸಿಹೋದರೆ ಸೈಟೂ ಇದೆ, ಮನೆಯೂ ಇದೆ, ಖಾತೆ ಮಾತ್ರ ಕಳೆದುಹೋಗಿದೆ ಎಂದಂತೆ. ಮಗಳ ಮದುವೆಯ ಫೋಟೊ, ಮಂಡಿಯ ಟ್ಯಾಲಿ ಲೆಕ್ಕ, ನುಡಿಯಲ್ಲಿ ಟೈಪಿಸಿದ ಸಂಘದ ವರದಿ ಎಲ್ಲವೂ ಇದ್ದಲ್ಲೇ ಇರುತ್ತವೆ.

ವಿಂಡೋಸಿಗೆ ಇದು ತಿಳಿಯದು. 'ಫಾರ್ಮ್ಯಾಟ್ ಮಾಡಲೇ?' ಎಂದು ವಿನಯದಿಂದ ಕೇಳುತ್ತದೆ. ಪಂಡಿತನ ನಿಜವಾದ ವಿದ್ಯೆ ಇರುವುದು ಇಲ್ಲಿಯೇ, ಮುಂದಿನದೆಲ್ಲ ಕೈಚಳಕ. 'ನಾನು ಬರೋವರೆಗೂ ಯಾರೂ ಏನೂ ಒತ್ತಬೇಡಿ' ಎಂದು ಫೋನಿನಲ್ಲೇ ಗದರುತ್ತಾನೆ. ವಿಸ್ಟಾದಿಂದೀಚೆಗೆ ವಿಂಡೋಸಿನ ಪೂರ್ಣ ಫಾರ್ಮ್ಯಾಟ್ ಆ ಭಾಗದ ಉದ್ದಕ್ಕೂ ಸೊನ್ನೆ ಬರೆಯುತ್ತದೆ. ಬಳಿಕ ಯಾವ ಪಂಡಿತನೂ ಕೆಲಸಕ್ಕೆ ಬಾರನು. ಆದರೂ ಈತ ಬರುವಷ್ಟರಲ್ಲಿ ಪಕ್ಕದ ಮನೆಯ ಭಾವಮೈದುನ ಯೂಟ್ಯೂಬ್ ನೋಡಿ ಒಂದು ರಿಕವರಿ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಇಳಿಸಿ, ಉಳಿಸಬೇಕಾದ ಫೋಟೊಗಳ ಮೇಲೆಯೇ ಪ್ರತಿಷ್ಠಾಪಿಸಿರುವುದುಂಟು.

ಬಂದವನು ಮೊದಲು ಡಿಸ್ಕಿಗೆ ಕಿವಿ ಕೊಡುತ್ತಾನೆ. ಟಕ್ ಟಕ್ ಸದ್ದಿದ್ದರೆ ದೋಷ ಟೇಬಲಿನದಲ್ಲ, ಯಂತ್ರದ್ದು. ಪ್ಲಗ್ ಕಿತ್ತು, ಡೇಟಾ ರಿಕವರಿ ಲ್ಯಾಬಿಗೆ ದಾರಿ ತೋರಿಸುತ್ತಾನೆ. ಸದ್ದಿಲ್ಲದಿದ್ದರೆ ಇಡೀ ಡಿಸ್ಕಿನ ನಕಲನ್ನು ಬೇರೊಂದು ಡಿಸ್ಕಿಗೆ ತೆಗೆಯುತ್ತಾನೆ. ಇದಕ್ಕೆ ಗಂಟೆಗಟ್ಟಲೆ ಹಿಡಿಯುವುದರಿಂದ ಉಪ್ಪಿಟ್ಟು, ಎರಡು ಸುತ್ತು ಕಾಫಿ ಮತ್ತು ಮನೆಯವರ ಸಂಬಂಧಿಕರ ಕಥೆ ಪಂಡಿತನ ಸಂಭಾವನೆಯ ಭಾಗವಾಗಿವೆ. ಬಳಿಕ ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ, ಕ್ರಿಸ್ಟೋಫ್ ಗ್ರೆನಿಯೆ ಬರೆದ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶವನ್ನು ಓಡಿಸುತ್ತಾನೆ. ಕಪ್ಪು ಪರದೆ, ಬಿಳಿ ಅಕ್ಷರ. ಮನೆಯವರ ಭಕ್ತಿ ಹುಟ್ಟುವುದು ಇದನ್ನು ಕಂಡಾಗ. ಅನಲೈಸ್, ಕ್ವಿಕ್ ಸರ್ಚ್, ಸಿಗದಿದ್ದರೆ ಡೀಪರ್ ಸರ್ಚ್. ಕಳೆದ ಪಾರ್ಟಿಷನ್‌ಗಳ ಆರಂಭದ ಗುರುತುಗಳನ್ನು ಅದು ಡಿಸ್ಕಿನುದ್ದಕ್ಕೂ ಹುಡುಕುತ್ತದೆ. ಎನ್‌ಟಿಎಫ್‌ಎಸ್ ಪಾರ್ಟಿಷನ್ ತನ್ನ ಬೂಟ್ ಸೆಕ್ಟರಿನ ಪ್ರತಿಯೊಂದನ್ನು ಕೊನೆಯ ಸೆಕ್ಟರಿನಲ್ಲಿ ಇಟ್ಟಿರುವುದೂ ನೆರವಾಗುತ್ತದೆ. ಸಿಕ್ಕ ಭಾಗದ ಮೇಲೆ 'ಪಿ' ಒತ್ತಿದರೆ ಫೈಲುಗಳ ಹೆಸರು ಇಳಿಯುತ್ತವೆ. 'ಸೀಮಂತ' ಎಂಬ ಫೋಲ್ಡರ್ ಕಂಡೊಡನೆ ಅಡುಗೆಮನೆಯಿಂದಲೂ ಜನ ಓಡಿಬರುತ್ತಾರೆ. ಎಲ್ಲ ಸರಿಯಿದೆ ಎಂದು ಖಚಿತವಾದ ಮೇಲೆ ರೈಟ್, ವೈ, ರೀಬೂಟ್.

ದುಡ್ಡು ಕೊಟ್ಟರೆ ಪಂಡಿತ ಮುಟ್ಟುವುದಿಲ್ಲ. ಬದಲಿಗೆ ಬ್ಯಾಕಪ್ಪಿನ ಮೇಲೆ ಉಪನ್ಯಾಸ ಕೊಡುತ್ತಾನೆ, ಅದನ್ನು ಮನೆಯವರು ಮುಟ್ಟುವುದಿಲ್ಲ.

ಈಚೆಗೆ ಈತನ ಗಿರಾಕಿ ಕಡಿಮೆ. ಎಂಬಿಆರ್ ಬದಲಿಗೆ ಬಂದ ಜಿಪಿಟಿ ಪದ್ಧತಿ ಟೇಬಲಿನ ಇನ್ನೊಂದು ಪ್ರತಿಯನ್ನು ಡಿಸ್ಕಿನ ತುದಿಯಲ್ಲಿ ತಾನೇ ಇಟ್ಟುಕೊಳ್ಳುತ್ತದೆ. ಎಸ್‌ಎಸ್‌ಡಿಯಾದರೋ ಫಾರ್ಮ್ಯಾಟ್ ಆದೊಡನೆ ಟ್ರಿಮ್ ಆದೇಶಕ್ಕೆ ಓಗೊಟ್ಟು ಹಳೆಯದನ್ನೆಲ್ಲ ತೊಳೆದುಬಿಡುತ್ತದೆ. ಅಂಥದ್ದನ್ನು ಹಿಡಿದು ಬಂದವರಿಗೆ ಪಂಡಿತನ ಸಲಹೆ ಒಂದೇ: ಮದುವೆಗೆ ಬಂದಿದ್ದ ನೆಂಟರ ವಾಟ್ಸ್ಆ್ಯಪಿನಲ್ಲಿ ಹುಡುಕಿ.